ಬಿಡುವಿನ ವೇಳೆ: ಹೆಸರಿಲ್ಲದ ಕಡತಗಳು

ಕಛೇರಿಯಲ್ಲಿ ನಮ್ಮ ಕೆಲಸವೆಂದರೆ ಕಡತಗಳಿಗೆ ಸಂಖ್ಯೆ ಹಾಕಿ, ಹೆಸರು ಬರೆದು, ಕಪಾಟಿಗೆ ಸೇರಿಸುವುದು. ಪರರ ಕಾಗದಗಳಿಗೆ ಇಷ್ಟು ವರ್ಷ ತಪ್ಪದೆ ಸಂಖ್ಯೆ ಹಾಕುತ್ತ ಬಂದ ನಾವು ನಮ್ಮ ಮನೆಯ ಕಾಗದಗಳ ವಿಷಯದಲ್ಲಿಯೇ ಎಡವಿದ ಕಥೆಯನ್ನು ಈ ಸಲ ವಾಚಕರ ಮುಂದಿಡುತ್ತೇವೆ. ನಗುವವರು ನಗಲಿ, ಎಚ್ಚರಗೊಳ್ಳುವವರು ಎಚ್ಚರಗೊಳ್ಳಲಿ.

ನಮ್ಮ ತಂದೆಯವರಿಗೆ ಫೋನಿನ ಮಾತು ಮಾತೇ ಅಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಬೆರಳಚ್ಚು ಕಲಿತು, ಪತ್ರ ಬರೆದು, ಅಚ್ಚು ತೆಗೆದು ಅಂಚೆಗೆ ಹಾಕುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಯಂತ್ರವನ್ನು ಊರಿನಿಂದ ಮುಂಬಯಿಗೆ ತಂದೆವು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಡಿಸ್ಕು ಕೈಕೊಟ್ಟಿತು. ದುರಸ್ತಿಯವನು ಒಳಗಿದ್ದುದನ್ನು ಹೇಗೋ ಹೊರತೆಗೆದು ಪೆನ್ ಡ್ರೈವಿಗೆ ತುಂಬಿಕೊಟ್ಟ. ಒಟ್ಟು ಸಾವಿರದ ನಾಲ್ಕುನೂರು ಕಡತಗಳು. ಒಂದಕ್ಕೂ ಹೆಸರಿಲ್ಲ, ಬರಿಯ ಅಂಕೆ. ಯಾವುದು ಚಿತ್ರ, ಯಾವುದು ಪತ್ರ ಎಂದು ಸೂಚಿಸುವ ಬಾಲವೂ ಇಲ್ಲ.

ಕಾಲೇಜಿನಲ್ಲಿ ಓದುವ ನೆರೆಮನೆಯ ಹುಡುಗ ಪೈಥಾನ್ ಎಂಬ ಭಾಷೆಯನ್ನು ತೋರಿಸಿಕೊಟ್ಟ. ಹಾಲೆಂಡಿನ ಗೀಡೊ ವಾನ್ ರಾಸಮ್ ಅದನ್ನು 1991ರಲ್ಲಿ ಹೊರತಂದರು. ಹೆಸರು ಹೆಬ್ಬಾವಿನಿಂದ ಬಂದುದಲ್ಲ; 'ಮಾಂಟಿ ಪೈಥಾನ್' ಎಂಬ ಇಂಗ್ಲಿಷ್ ಹಾಸ್ಯಮಂಡಲಿಯಿಂದ ಬಂದುದು. ಹತ್ತು ಸಾಲು ಬರೆದರೆ ಸಾವಿರ ಕಡತಗಳ ಹೆಸರನ್ನು ಕ್ಷಣದಲ್ಲಿ ಬದಲಿಸುತ್ತದೆ. ದಣಿವಿಲ್ಲದ ಗುಮಾಸ್ತನೆನ್ನಿ.

ಹೆಸರಿಲ್ಲದ ಕಡತದ ಕುಲಗೋತ್ರ ತಿಳಿಯುವುದು ಹೇಗೆ? ಬಹುಪಾಲು ಕಡತಗಳು ಮೊದಲ ಕೆಲವು ಬೈಟುಗಳಲ್ಲಿಯೇ ತಮ್ಮ ಗುರುತು ಹೇಳಿಕೊಳ್ಳುತ್ತವೆ. ಜೆಪೆಗ್ ಚಿತ್ರವಾದರೆ 'ಎಫ್‌ಎಫ್ ಡಿ8' ಎಂಬ ಜೋಡಿ. ಜಿಪ್ ಆದರೆ ಅದನ್ನು ರೂಪಿಸಿದ ಫಿಲ್ ಕಾಟ್ಜರ ಹೆಸರಿನ ಮೊದಲಕ್ಷರಗಳಾದ 'ಪಿಕೆ'. ಪೈಥಾನ್ ಪ್ರತಿಯೊಂದನ್ನೂ ತೆರೆದು, ತಲೆ ನೋಡಿ, ಬಾಲ ಅಂಟಿಸಿತು. ನಮಗೆ ಹಿಗ್ಗು.

ಹಿಗ್ಗಿನಲ್ಲಿಯೇ ಕೆಟ್ಟೆವು. ಚಿತ್ರ ತೆಗೆದ ದಿನಾಂಕವನ್ನು ಕ್ಯಾಮರಾ ಚಿತ್ರದೊಳಗೇ ಬರೆದಿಡುತ್ತದೆ, ಅದನ್ನೇ ಹೆಸರಾಗಿಡೋಣವೆಂದುಕೊಂಡೆವು.

"ಕಾಕಾ, ಮೊದಲು ಒಂದು ನಕಲು ತೆಗೆದಿಡ್ರಿ," ಎಂದ ಹುಡುಗ.

"ಹೆಸರು ಬದಲಿಸಲಿಕ್ಕೆ ನಕಲು ಯಾಕೋ?" ಎಂದು ನಾವು ಗುಂಡಿ ಒತ್ತಿಬಿಟ್ಟೆವು.

ಊರ ಮನೆಯನ್ನು ಮಾರುವ ಮುನ್ನ ಒಂದೇ ದಿನ ಇಪ್ಪತ್ತೇಳು ಚಿತ್ರ ತೆಗೆದಿದ್ದೆವು. ಇಪ್ಪತ್ತೇಳಕ್ಕೂ ಒಂದೇ ದಿನಾಂಕ, ಆದ್ದರಿಂದ ಒಂದೇ ಹೆಸರು. ಹುಡುಗನ ಯಂತ್ರ ಲಿನಕ್ಸಿನದು. ಅದೇ ಹೆಸರಿನ ಕಡತ ಮೊದಲೇ ಇದ್ದರೆ ಅಲ್ಲಿ ಪೈಥಾನಿನ ಆ ಆಜ್ಞೆ ಹಳೆಯದನ್ನು ಸದ್ದಿಲ್ಲದೆ ಅಳಿಸಿ ಹೊಸದನ್ನು ಕೂರಿಸುತ್ತದೆ. ವಿಂಡೋಸ್ ಆಗಿದ್ದರೆ ತಪ್ಪೆಂದು ನಿಲ್ಲುತ್ತಿತ್ತು. ಕೊನೆಗೆ ಉಳಿದುದು ಹಿತ್ತಿಲ ಬಾವಿಯ ಒಂದು ಚಿತ್ರ. ದುರಸ್ತಿಯವನ ಬಳಿ ಮತ್ತೆ ಓಡಿದೆವು, ಒಂಬತ್ತು ಸಿಕ್ಕವು. ನಡುಮನೆಯ ಚಿತ್ರ ಸಿಗಲಿಲ್ಲ. ತಾಯಿಯವರು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಪತ್ರಗಳಿಗೆ ಕೈಹಚ್ಚುವಾಗ ಬುದ್ಧಿ ಬಂದಿತ್ತು. ಮೊದಲು ಎರಡು ನಕಲು ತೆಗೆದಿಟ್ಟೆವು. ತೆರೆದರೆ ಕನ್ನಡವೇ ಇಲ್ಲ; ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ಸಿಕ್ಕಿದ್ದರೂ ಅನೇಕ ವರ್ಷ ನಮ್ಮವರು ಬಳಸಿದ್ದು ಇಂಗ್ಲಿಷಿನ ಸ್ಥಾನಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಹಳೆಯ ಅಕ್ಷರಮಾದರಿಗಳನ್ನು. ಆ ಮಾದರಿ ಇಲ್ಲದಿದ್ದರೆ ಪತ್ರ ಮೂಕ.

ಕಟ್ಟಿದ ವಸ್ತುವನ್ನು ಬಿಚ್ಚಿ ನೋಡಿ, ಕಟ್ಟಿದ ಬಗೆಯನ್ನು ತಿಳಿಯುವುದಕ್ಕೆ ರಿವರ್ಸ್ ಎಂಜಿನಿಯರಿಂಗ್ ಎನ್ನುತ್ತಾರೆ. ಇಡೀ ಪ್ರೋಗ್ರಾಮನ್ನೇ ಬಿಚ್ಚುವ ಸಲಕರಣೆಗಳುಂಟು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ 2019ರಲ್ಲಿ 'ಘೀಡ್ರಾ' ಎಂಬುದನ್ನು ಉಚಿತವಾಗಿ ಹಂಚಿತು. ಅದನ್ನೂ ಪೈಥಾನಿನಿಂದ ನಡೆಸಬಹುದಂತೆ. ನಮಗೆ ಅಷ್ಟು ದೊಡ್ಡ ಕೊಡಲಿ ಬೇಕಿರಲಿಲ್ಲ. ತಂದೆಯವರ ಅಚ್ಚಿನ ಪತ್ರ ಒಂದೇ ಒಂದು ನಮ್ಮಲ್ಲಿ ಉಳಿದಿತ್ತು. ಅದನ್ನು ಪಕ್ಕದಲ್ಲಿಟ್ಟುಕೊಂಡು, ಯಾವ ಚಿಹ್ನೆಗೆ ಯಾವ ಅಕ್ಷರವೆಂದು ಪಟ್ಟಿ ಮಾಡುತ್ತ ಹೋದೆವು. ಪ್ರತಿ ಪತ್ರದ ಆರಂಭದಲ್ಲಿ 'ಆಶೀರ್ವಾದ'. ಅದರಲ್ಲಿಯೇ ತೊಡಕು. ಹಳೆಯ ಪದ್ಧತಿಯಲ್ಲಿ ಕಣ್ಣಿಗೆ ಕಾಣುವಂತೆ 'ವಾ' ಮೊದಲು, ಅರ್ಕಾವೊತ್ತು ಆಮೇಲೆ. ಯೂನಿಕೋಡಿನಲ್ಲಿ ಉಚ್ಚಾರದಂತೆ 'ರ್' ಮೊದಲು. ಆ ಸ್ಥಾನಪಲ್ಲಟವನ್ನೂ ಪೈಥಾನಿಗೆ ಕಲಿಸಿದೆವು. ನಾಲ್ಕು ಭಾನುವಾರ ಹಿಡಿದವು. ಅರವತ್ತಮೂರು ಪತ್ರಗಳು ಕನ್ನಡವಾದವು.

ಅರವತ್ತಮೂರನೆಯದು ಅಂಚೆಗೆ ಹಾಕದೆ ಉಳಿದದ್ದು. ತಂಗಿಯ ಮದುವೆಗೆ ಊರಿನ ಒಬ್ಬರಿಂದ ಹದಿನೈದು ಸಾವಿರ ರೂಪಾಯಿ ಕೈಗಡ ತಂದುದು, ಅವರು ಒಮ್ಮೆಯೂ ಬಾಯಿಬಿಟ್ಟು ಕೇಳದಿರುವುದು, 'ನನ್ನಿಂದಾಗದಿದ್ದರೆ ನೀನು ತೀರಿಸು' ಎಂಬ ಮಾತು, ಎಲ್ಲ ಅದರಲ್ಲಿತ್ತು. ಯುಗಾದಿಗೆ ಊರಿಗೆ ಹೋಗಿ ತೀರಿಸಿ ಬಂದೆವು. ಆ ಹಿರಿಯರು ಹಣಕ್ಕಿಂತ ಪತ್ರವನ್ನು ಹೆಚ್ಚು ಹೊತ್ತು ಹಿಡಿದುಕೊಂಡಿದ್ದರು.

ವಾಚಕರಿಗೆ ನಮ್ಮ ಬಿನ್ನಹ ಇಷ್ಟೇ. ಮೊದಲು ನಕಲು ತೆಗೆಯಿರಿ. ಹೆಸರು ಬದಲಿಸುವ ಮುನ್ನ ಹಳೆಯ ಹೆಸರು, ಹೊಸ ಹೆಸರುಗಳ ಪಟ್ಟಿಯನ್ನು ಮುದ್ರಿಸಿ ಓದಿರಿ. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆದು, ಕೊನೆಗೆ 001, 002 ಎಂದು ಸಂಖ್ಯೆ ಸೇರಿಸಿರಿ. ಸೊನ್ನೆ ಬಿಟ್ಟರೆ ಅನೇಕ ಕಡೆ 10 ಎಂಬುದು 2ಕ್ಕಿಂತ ಮುಂದೆ ಕುಳಿತುಬಿಡುತ್ತದೆ. ಹಿರಿಯರ ಹಳೆಯ ಕನ್ನಡ ಕಡತಗಳಿದ್ದರೆ, ಅವರು ಇರುವಾಗಲೇ ಪಕ್ಕದಲ್ಲಿ ಕೂತು ಓದಿಸಿ ಯೂನಿಕೋಡಿಗೆ ತಂದಿಡಿರಿ.