ಜೀರ್ಣೋದ್ಧಾರವೋ, ವಿರೂಪವೋ?

ಹಳೆಯ ವಸ್ತುವೊಂದು ಕಣ್ಣಿಗೆ ಬಿದ್ದೊಡನೆ ಅದರ ಮೇಲೆ ಕೈ ಮಾಡಬೇಕೆಂಬ ಚಾಪಲ್ಯ ನಮ್ಮ ಕಾಲದ ಒಂದು ವ್ಯಾಧಿಯಾಗಿದೆ. ಕಳೆದ ಬೇಸಗೆಯ ರಜೆಯಲ್ಲಿ ಮಕ್ತಲ್ ಪೇಟೆಯ ಒಂದು ದುರಸ್ತಿ ಅಂಗಡಿಯ ಮುಂದೆ ನಾವು ಕಂಡ ನೋಟವೇ ಇದಕ್ಕೆ ಸಾಕ್ಷಿ. ಅಲ್ಲಿ ಒಂದು ಹಳೆಯ ಜಾವಾ ಮೋಟಾರು ಸೈಕಲ್ಲು ನಿಂತಿತ್ತು. ಅದರ ಹಿಂದಿನ ಮಡ್‌ಗಾರ್ಡನ್ನು ಅರ್ಧಕ್ಕೆ ಕತ್ತರಿಸಿದ್ದರು. ಚೌಕಟ್ಟಿನ ಹಿಂಭಾಗವನ್ನು ಕೊಯ್ದು, ಒಬ್ಬನೇ ಕೂರುವಷ್ಟು ಸಣ್ಣ ಆಸನವನ್ನು ಬೆಸುಗೆ ಹಾಕಿ ಕೂರಿಸಿದ್ದರು. ಉದ್ದನೆಯ ಎರಡು ಸೈಲೆನ್ಸರುಗಳಿದ್ದ ಜಾಗದಲ್ಲಿ ಎರಡು ಮೋಟು ಕೊಳವೆಗಳಿದ್ದವು. ಮೈಗೆಲ್ಲ ಕಾಡಿಗೆಯಂಥ ಕಪ್ಪು ಬಣ್ಣ. ಸುತ್ತ ನೆರೆದಿದ್ದ ತರುಣರಲ್ಲಿ ನಮ್ಮ ಶಾಲೆಯಲ್ಲಿಯೇ ಅಕ್ಷರ ಕಲಿತ ಒಬ್ಬನೂ ಇದ್ದ. 'ಎಷ್ಟು ಚೆಂದ ಆಗಿದೆ ನೋಡಿ ಸಾರ್' ಎಂದು ಅವನು ಹಿಗ್ಗಿನಿಂದ ನುಡಿದ. ನಾವು ಏನೂ ಉತ್ತರ ಕೊಡದೆ ಬಂದುಬಿಟ್ಟೆವು. ಅಂದು ಕೊಡದ ಉತ್ತರವನ್ನು ಇಂದು ಈ ಪುಟಗಳಲ್ಲಿ ಕೊಡುತ್ತಿದ್ದೇವೆ.

ಮೋಟಾರು ಸೈಕಲ್ಲಿಗೂ ಕನ್ನಡ ಸಂಘದ ಪತ್ರಿಕೆಗೂ ಏನು ಸಂಬಂಧವೆಂದು ಕೆಲವರು ಹುಬ್ಬೇರಿಸಬಹುದು. ಸಂಬಂಧವುಂಟು. ಈ ಜಾವಾ ನಮ್ಮ ಕನ್ನಡನಾಡಿನಲ್ಲಿಯೇ ರೂಪುಗೊಂಡ ವಾಹನ. ಮೂಲದಲ್ಲಿ ಇದು ಚೆಕ್ ದೇಶದ್ದು. ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ 1929ರಲ್ಲಿ ಪ್ರಾಗ್ ನಗರದಲ್ಲಿ ವಾಂಡರರ್ ಎಂಬ ಜರ್ಮನ್ ಸಂಸ್ಥೆಯ ಪರವಾನಗಿ ಪಡೆದು ಮೋಟಾರು ಸೈಕಲ್ಲುಗಳ ತಯಾರಿಕೆಗೆ ತೊಡಗಿದ. ಅವನ ಹೆಸರಿನ ಮೊದಲೆರಡು ಅಕ್ಷರ, ಆ ಸಂಸ್ಥೆಯ ಹೆಸರಿನ ಮೊದಲೆರಡು ಅಕ್ಷರ ಕೂಡಿ 'ಜಾವಾ' ಆಯಿತು. ಇರಾನಿ ಮನೆತನದವರು ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಸ್ಥಾಪಿಸಿ, 1961ರಿಂದ ಅದನ್ನು ಇಲ್ಲಿಯೇ ತಯಾರಿಸಿದರು. 1970ರ ದಶಕದಲ್ಲಿ ಅದೇ ಬಂಡಿ 'ಯೆಜ್ಡಿ' ಎಂಬ ಹೊಸ ಹೆಸರನ್ನು ತಳೆಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮರಳಿ ಬಂದಿವೆ ನಿಜ. ಆದರೆ ಅವು ಬೇರೆಯೇ ಯಂತ್ರಗಳು. ಮೈಸೂರಿನ ಆ ಕಾರ್ಖಾನೆಯಲ್ಲಿ ಹುಟ್ಟಿದ ಬಂಡಿಗಳ ಎಣಿಕೆ ಇನ್ನು ಮುಂದೆ ಕುಗ್ಗಬಹುದಲ್ಲದೆ ಹೆಚ್ಚಲಾರದು. ವಾದದ ಮೂಲ ಇಲ್ಲಿದೆ. ವಾಚಕರು ಇದನ್ನು ನೆನಪಿನಲ್ಲಿಡಬೇಕು.

ಅಂಥದೊಂದು ಬಂಡಿ ನಮ್ಮ ಮನೆಯಲ್ಲಿಯೂ ಇದೆ. 1969ರ ಜಾವಾ. ನಮ್ಮ ತಂದೆಯವರು ಮಕ್ತಲ್ ಕಡೆಯ ಹಳ್ಳಿಯೊಂದರಲ್ಲಿ ಕನ್ನಡ ಉಪಾಧ್ಯಾಯರಾಗಿದ್ದರು. 1985ರಲ್ಲಿ ಅವರು ರಾಯಚೂರಿನಲ್ಲಿ ಅದನ್ನು ಎರಡನೆಯ ಕೈಯಿಂದ ಕೊಂಡರು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೂ, ನಾರಾಯಣಪೇಟೆ, ಮಕ್ತಲ್, ಗದ್ವಾಲಗಳು ಆಂಧ್ರಪ್ರದೇಶಕ್ಕೂ ಸೇರಿದ ಮೇಲೆ, ನಮ್ಮ ಸೀಮೆಯ ಕನ್ನಡ ಶಾಲೆಗೆ ಒಂದು ಕಥೆಯ ಪುಸ್ತಕ ಬೇಕಾದರೂ ಕೃಷ್ಣೆಯನ್ನು ದಾಟಬೇಕಾಗಿತ್ತು. ತಂದೆಯವರು ದಾಟುತ್ತಿದ್ದರು. ಹಿಂದಿನ ಆಸನಕ್ಕೆ ಹಗ್ಗದಿಂದ ಬಿಗಿದ ಪುಸ್ತಕದ ಕಟ್ಟು, ಪೆಟ್ರೋಲಿನ ಟ್ಯಾಂಕಿನ ಮೇಲೆ ಕುಳಿತ ನಾವು: ಇದು ನಮ್ಮ ಬಾಲ್ಯದ ಚಿತ್ರ. ತಂದೆಯವರು ಈಗಿಲ್ಲ. ಬಂಡಿ ಕೊಟ್ಟಿಗೆಯಲ್ಲಿದೆ. ಹೈದರಾಬಾದಿನಲ್ಲಿ ಉದ್ಯೋಗದಲ್ಲಿರುವ ನಮ್ಮ ತಮ್ಮನು ಅದನ್ನು ಕೊಂಡೊಯ್ದು, ಮಕ್ತಲಿನಲ್ಲಿ ನಾವು ಕಂಡಂತೆಯೇ ಮಾಡಿಸಬೇಕೆಂದಿದ್ದಾನೆ. ಆದುದರಿಂದ ಇದು ನಮಗೆ ಬರಿಯ ತರ್ಕದ ಮಾತಲ್ಲ.

ಕತ್ತರಿಸುವವರ ಪಕ್ಷದ ವಾದಗಳು ಮೂರು. ಒಂದೊಂದನ್ನೂ ನ್ಯಾಯವಾಗಿ ಪರಿಶೀಲಿಸೋಣ.

ಮೊದಲನೆಯದು: 'ನನ್ನ ಸ್ವತ್ತು, ನನ್ನ ಇಷ್ಟ.' ಕಾನೂನೇ ಇದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ನೋಂದಣಿ ಪತ್ರದ ವಿವರಗಳು ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. 50 ವರ್ಷ ಮೀರಿದ ವಾಹನಗಳನ್ನು ಪಾರಂಪರಿಕ ವಾಹನಗಳೆಂದು ಪ್ರತ್ಯೇಕವಾಗಿ ನೋಂದಾಯಿಸುವ ನಿಯಮ 2021ರಲ್ಲಿ ಬಂತು. ಚೌಕಟ್ಟು ಇಂಜಿನ್ನುಗಳು ಮೂಲರೂಪದಲ್ಲಿಯೇ ಇರಬೇಕೆಂಬುದು ಅದರ ನಿಬಂಧನೆ. ಒಮ್ಮೆ ಚೌಕಟ್ಟನ್ನು ಕೊಯ್ದವನಿಗೆ ಆ ಬಾಗಿಲು ಶಾಶ್ವತವಾಗಿ ಮುಚ್ಚಿತು. ಆದರೆ ಕಾನೂನಿನ ಮಾತು ಹಾಗಿರಲಿ. ನಾವು ಕೇಳುವುದು ಇಷ್ಟೇ: ತಂದೆಯಿಂದ ಬಂದುದು, ಮಗನಿಗೆ ಹೋಗಬೇಕಾದುದು, ನಡುವಿನ ಒಬ್ಬನಿಗೆ ಮಾತ್ರ ಪೂರ್ಣ ಸ್ವತ್ತಾಗುವುದು ಹೇಗೆ?

ಎರಡನೆಯದು: 'ಬೆರಕೆಯಲ್ಲಿಯೂ ಸೌಂದರ್ಯವುಂಟು.' ನಮ್ಮ ತಮ್ಮನು ಇಲ್ಲಿ ಜಾಣತನದಿಂದ ಗದ್ವಾಲ ಸೀರೆಯನ್ನು ತಂದು ನಿಲ್ಲಿಸಿದ. 'ಒಡಲು ಹತ್ತಿಯದು, ಅಂಚು ಸೆರಗು ರೇಷ್ಮೆಯದು. ಎರಡು ಜಾತಿಯನ್ನು ಕೂಡಿಸಿದರೂ ಲೋಕ ಅದನ್ನು ಮೆಚ್ಚಲಿಲ್ಲವೇ?' ಎಂದ. ಮೆಚ್ಚಿತು; ನಾವೂ ಮೆಚ್ಚುತ್ತೇವೆ. ಆದರೆ ನೇಕಾರನು ಆ ಕೂಡಿಕೆಯನ್ನು ಮಗ್ಗದ ಮೇಲೆಯೇ ಯೋಚಿಸಿದ. ಹತ್ತಿಯ ಎಳೆಗೆ ರೇಷ್ಮೆಯ ಎಳೆಯನ್ನು ಕೊಂಡಿ ಹಾಕಿ ನೇಯ್ದ. ಅಜ್ಜಿಯ ಹಳೆಯ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಕತ್ತರಿಯಾಡಿಸಿ ದಿಂಬಿನ ಚೀಲ ಹೊಲಿದವನನ್ನು ಗದ್ವಾಲಿನಲ್ಲಾಗಲಿ ನಾರಾಯಣಪೇಟೆಯಲ್ಲಾಗಲಿ ಯಾರೂ ನೇಕಾರನೆಂದು ಕರೆದಿಲ್ಲ. ಹೊಸದನ್ನು ಕಲ್ಪಿಸುವ ಶಕ್ತಿಯುಳ್ಳವನು ಹೊಸ ಬಂಡಿಯನ್ನು ಕೊಂಡು, ಕಾನೂನು ಒಪ್ಪುವಷ್ಟು ಮಟ್ಟಿಗೆ ಅದರ ಮೇಲೆ ತನ್ನ ಪ್ರತಿಭೆಯನ್ನು ತೋರಲಿ. ನಮ್ಮ ಅಡ್ಡಿಯಿಲ್ಲ.

ಮೂರನೆಯದು: 'ಹಳೆಯ ಬಂಡಿ ಇಂದಿನ ರಸ್ತೆಗೆ ಒಗ್ಗದು, ಬದಲಾಯಿಸಲೇಬೇಕು.' ಈ ವಾದದಲ್ಲಿ ಮಾತ್ರ ಅರ್ಧ ಸತ್ಯವಿದೆ. ಆದುದರಿಂದಲೇ ಇದು ಹೆಚ್ಚು ಅಪಾಯಕರ. ಜಾವಾದ ದೀಪ 6 ವೋಲ್ಟಿನದು. ಎದುರಿನ ಲಾರಿಯ ಬೆಳಕಿನ ಮುಂದೆ ಅದು ಮಿಣುಕುಹುಳು. ಇಂದಿನ ಪೆಟ್ರೋಲಿನಲ್ಲಿ 20 ಪಾಲಿನವರೆಗೆ ಎಥನಾಲ್ ಬೆರೆತಿರುತ್ತದೆ. ಅದು ನೀರನ್ನು ಹೀರಿ ಟ್ಯಾಂಕಿಗೆ ತುಕ್ಕು ತರುತ್ತದೆ, ಹಳೆಯ ರಬ್ಬರನ್ನು ತಿನ್ನುತ್ತದೆ. ಇವುಗಳಿಗೆ ಪರಿಹಾರ ಬೇಡವೆಂದು ನಾವು ಹೇಳುವುದಿಲ್ಲ. ದೀಪ ಬದಲಾಗಲಿ, ಕೊಳವೆ, ರಬ್ಬರು ಬದಲಾಗಲಿ, ಬ್ರೇಕಿನ ಪಟ್ಟಿ ಹೊಸದಾಗಲಿ. ಆದರೆ ಮಕ್ತಲಿನ ಅಂಗಡಿಯವನು ಬದಲಾಯಿಸಿದ್ದು ಇವನ್ನೇ? ಅವನು ಸೈಲೆನ್ಸರನ್ನು ಕತ್ತರಿಸಿದ. ಇಲ್ಲಿ ನಮ್ಮ ವಿದ್ಯಾರ್ಥಿಗಳು ಸ್ವಲ್ಪ ಗಮನವಿಟ್ಟು ಕೇಳಬೇಕು. ಜಾವಾದ್ದು ಟೂ ಸ್ಟ್ರೋಕ್ ಇಂಜಿನ್. ಸಿಲಿಂಡರಿನ ವ್ಯಾಸ 65 ಮಿಲಿಮೀಟರು, ಪಿಸ್ಟನ್ನಿನ ಚಲನೆ 75 ಮಿಲಿಮೀಟರು. ಗುಣಿಸಿ ನೋಡಿದರೆ ಒಳಗಿನ ಅವಕಾಶ ಸುಮಾರು 249 ಘನ ಸೆಂಟಿಮೀಟರು ಬರುತ್ತದೆ. ಇದಕ್ಕೆ ಕವಾಟಗಳಿಲ್ಲ. ಹೊಗೆ ಹೊರಹೋಗುವ ಕಂಡಿ ತೆರೆದಾಗ, ಒಳಬರುತ್ತಿರುವ ಹೊಸ ಮಿಶ್ರಣದ ಒಂದು ಪಾಲೂ ಹೊಗೆಯೊಡನೆ ಓಡಿಹೋಗಲು ನೋಡುತ್ತದೆ. ಕೊಳವೆಯೊಳಗಿನಿಂದ ಹಿಮ್ಮರಳುವ ಒತ್ತಡದ ಅಲೆ ಅದನ್ನು ತಡೆಯಲು ನೆರವಾಗುತ್ತದೆ. ಆ ಉದ್ದವೂ ಆ ಆಕಾರವೂ ಅಲಂಕಾರಕ್ಕಾಗಿ ಇದ್ದುವಲ್ಲ. ಮೋಟು ಮಾಡಿದರೆ ಸದ್ದು ಹೆಚ್ಚೀತು, ಬಲ ಕುಂದೀತು. ಸದ್ದನ್ನೇ ಬಲವೆಂದು ಭ್ರಮಿಸುವುದು ಮೋಟಾರು ಸೈಕಲ್ಲಿನ ಲೋಕಕ್ಕೆ ಮಾತ್ರ ಮೀಸಲಾದ ದೋಷವಲ್ಲವೆನ್ನಿ!

ಇಷ್ಟು ಹೇಳಿದೊಡನೆ ಎದುರು ಪಕ್ಷದವರು, ಎಂದರೆ ಹಳೆಯದನ್ನು ಥಳಥಳ ಹೊಳೆಯಿಸಿ ಮೆರೆಸುವವರು, ನಮ್ಮನ್ನು ತಮ್ಮವರೆಂದು ಅಪ್ಪಿಕೊಳ್ಳಲು ಬರುವುದು ಬೇಡ. ಅವರ ಮೇಲೆಯೂ ನಮ್ಮ ದೂರಿದೆ. ಆ ದೂರಿನಲ್ಲಿ ನಾವೇ ಮೊದಲ ಅಪರಾಧಿ.

ಜಾವಾ ಓಡಬೇಕಾದರೆ ಪೆಟ್ರೋಲಿಗೆ ಎಣ್ಣೆಯನ್ನು ಅಳತೆಯಿಂದ ಬೆರಸಬೇಕು. ಅಳತೆ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಮಸಿ ಕಟ್ಟುತ್ತದೆ. ತಂದೆಯವರು ಮರೆಯದಿರಲೆಂದು ಪಕ್ಕದ ಪೆಟ್ಟಿಗೆಯ ಮುಚ್ಚಳದ ಒಳಮೈ ಮೇಲೆ ಬಿಳಿಯ ಬಣ್ಣದಿಂದ, ಕನ್ನಡ ಅಂಕಿಗಳಲ್ಲಿ, ಆ ಲೆಕ್ಕವನ್ನು ಬರೆದಿದ್ದರು: ಐದು ಲೀಟರಿಗೆ ಇಷ್ಟು, ಎಂಟು ಲೀಟರಿಗೆ ಇಷ್ಟು. ತೆಲುಗು ಮತ್ತು ಇಂಗ್ಲಿಷ್ ಫಲಕಗಳ ನಡುವೆ ಬೆಳೆದ ನಾವು ಕನ್ನಡ ಅಂಕಿಗಳನ್ನು ಮೊದಲು ಕಂಡದ್ದು ಪಾಠದ ಪುಸ್ತಕದಲ್ಲಲ್ಲ, ಆ ಮುಚ್ಚಳದಲ್ಲಿ. ಅವರು ತೀರಿಕೊಂಡ ವರ್ಷ ಬಂಡಿಯನ್ನು 'ಹೊಸದರಂತೆ' ಮಾಡಿಸಬೇಕೆಂಬ ಹುಮ್ಮಸ್ಸಿನಿಂದ ಟ್ಯಾಂಕು ಮುಚ್ಚಳಗಳನ್ನೆಲ್ಲ ಬಿಚ್ಚಿ ಬಣ್ಣದವನಿಗೆ ಕೊಟ್ಟೆವು. ಒಳಮೈಯನ್ನು ಮುಟ್ಟಬೇಡವೆಂದು ಹೇಳಲು ನಮಗೆ ಹೊಳೆಯಲಿಲ್ಲ. ಅವನು ತನ್ನ ಕೆಲಸವನ್ನು ನಿಷ್ಠೆಯಿಂದಲೇ ಮಾಡಿದ: ಒಳಗೂ ಹೊರಗೂ ಉಜ್ಜಿ, ಕಬ್ಬಿಣ ಕಾಣುವಂತೆ ಕೆರೆದು, ಹೊಚ್ಚ ಹೊಸ ಮರೂನ್ ಬಣ್ಣ ಹೊಡೆದು ತಂದುಕೊಟ್ಟ. ಮುಚ್ಚಳ ಕನ್ನಡಿಯಂತೆ ಹೊಳೆಯಿತು. ಅದನ್ನು ತಿರುಗಿಸಿ ನೋಡಿದ ನಮ್ಮ ತಾಯಿಯವರು ಏನೂ ಹೇಳದೆ ಒಳಗೆ ಹೋದರು.

ಅಂದಿನಿಂದ ನಮಗೆ ತಿಳಿದದ್ದು ಇದು. ಕತ್ತರಿಸುವವನೂ ಹೊಳೆಯಿಸುವವನೂ ಒಂದೇ ತಪ್ಪಿನ ಎರಡು ಮುಖಗಳು. ಒಬ್ಬನಿಗೆ ಬಂಡಿಯ ಹುಟ್ಟು ಬೇಡ. ಇನ್ನೊಬ್ಬನಿಗೆ ಬಂಡಿಯ ಬಾಳು ಬೇಡ. ಒಬ್ಬನು ಮೈಸೂರಿನ ಕೆಲಸಗಾರನ ಕೈಯನ್ನು ಅಳಿಸುತ್ತಾನೆ. ಇನ್ನೊಬ್ಬನು ಅದನ್ನು ಮೂವತ್ತು ವರ್ಷ ಬಳಸಿದವನ ಕೈಯನ್ನು ಅಳಿಸುತ್ತಾನೆ. ಹಾಗಾದರೆ ಜೀರ್ಣೋದ್ಧಾರವೆಂದರೆ ಏನು? ಜೀರ್ಣವಾದುದನ್ನು ಅದರ ಕೆಲಸಕ್ಕೆ ಮರಳಿ ಎತ್ತುವುದು, ಅಷ್ಟೆ. ನವೀನವಾಗಿ ತೋರಿಸುವುದಲ್ಲ.

ಇದಕ್ಕೆ ನಾವು ಉಪಾಧ್ಯಾಯರು ದೂರ ಹೋಗಿ ಸೂತ್ರವನ್ನು ಹುಡುಕಬೇಕಾಗಿಲ್ಲ. ಹುಡುಗನ ಕಾಪಿಯಲ್ಲಿ ತಪ್ಪು ಕಂಡರೆ ಅದರ ಮೇಲೆ ಮಸಿ ಬಳಿಯುವುದಿಲ್ಲ. ಒಂದು ಗೆರೆ ಎಳೆದು, ಮೇಲೆ ಸರಿಯಾದುದನ್ನು ಬರೆಯುತ್ತೇವೆ. ಕೆಳಗಿನದು ಓದುವಂತಿರುತ್ತದೆ. ತಾಳೆಗರಿಯ ಕಾವ್ಯವನ್ನು ಸಂಪಾದಿಸುವ ವಿದ್ವಾಂಸನೂ ತನಗೆ ಒಪ್ಪಿಗೆಯಾಗದ ಪಾಠವನ್ನು ಸುಟ್ಟುಹಾಕುವುದಿಲ್ಲ, ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ. ನಾಳೆ ಬರುವವನಿಗೆ ತಮಗಿಂತ ಹೆಚ್ಚು ತಿಳಿದಿರಬಹುದೆಂಬ ವಿನಯ ಇಬ್ಬರಲ್ಲಿಯೂ ಉಂಟು. ಹಳೆಯ ಬಂಡಿಗೂ ಇದೇ ನ್ಯಾಯ ಸಲ್ಲಬೇಕು: ಮರಳಿ ಮೊದಲಿನಂತೆ ಮಾಡಲು ಬರುವ ಬದಲಾವಣೆಯನ್ನು ಮಾಡು, ಮರಳಿ ಮಾಡಲು ಬಾರದುದನ್ನು ಮಾಡಬೇಡ.

ಈ ಸೂತ್ರವನ್ನು ಹಿಡಿದು ನೋಡಿದರೆ ಗೊಂದಲವೆಲ್ಲ ತಾನೇ ತಿಳಿಯಾಗುತ್ತದೆ. ಬೋಲ್ಟು ಬಿಚ್ಚಿ ಬೇರೆ ದೀಪವನ್ನು ಕೂರಿಸಬಹುದು. ಹಳೆಯ ದೀಪವನ್ನು ಬಟ್ಟೆಯಲ್ಲಿ ಸುತ್ತಿ, ಚೀಟಿ ಬರೆದು ಇಡಬೇಕು. ಸೈಲೆನ್ಸರಿನಲ್ಲಿ ಮಸಿ ಕಟ್ಟಿದ್ದರೆ ಕಾಸ್ಟಿಕ್ ಸೋಡದ ನೀರಿನಿಂದ, ಕೈಗೆ ಕಣ್ಣಿಗೆ ತಾಗದಂತೆ ಎಚ್ಚರದಿಂದ, ತೊಳೆಯಬಹುದು, ಕತ್ತರಿಸಬಾರದು. ಬಣ್ಣ ಮಾಸಿದ್ದರೆ ಮೊದಲು ಎಣ್ಣೆ ಬಟ್ಟೆಯಿಂದ ಒರಸಿ ನೋಡಬೇಕು. ತುಕ್ಕು ತಿಂದಲ್ಲಿ ಮಾತ್ರ ಬಣ್ಣ. ಕಿಕ್ಕಿಗೂ ಗೇರಿಗೂ ಒಂದೇ ಸನ್ನೆಕೋಲನ್ನು ಇಟ್ಟಿರುವ ಆ ಜಾಣ ಏರ್ಪಾಡನ್ನು ಮುಟ್ಟಲೇಬಾರದು. ಚೌಕಟ್ಟಿನ ಮೇಲೂ ಇಂಜಿನ್ನಿನ ಮೇಲೂ ಒತ್ತಿರುವ ಸಂಖ್ಯೆಗಳನ್ನು ನೋಂದಣಿ ಪತ್ರದೊಡನೆ ಹೋಲಿಸಿ, ಬರೆದಿಟ್ಟುಕೊಂಡು, ಅವುಗಳ ಬಳಿಗೆ ಉಜ್ಜುವ ಯಂತ್ರ ಸುಳಿಯದಂತೆ ಕಾಯಬೇಕು. ಕೆಲಸ ಆರಂಭಿಸುವ ಮುನ್ನ, ಒಳಮೈಗಳನ್ನೂ ಬಿಡದೆ, ಎಲ್ಲ ಭಾಗಗಳ ಚಿತ್ರ ತೆಗೆದುಕೊಳ್ಳಬೇಕು. ಈ ಒಂದು ಎಚ್ಚರ ನಮಗೆ ಅಂದು ಇದ್ದಿದ್ದರೆ!

ಇದೆಲ್ಲಕ್ಕೆ ಹಣ ಬೇಡವೇ ಎಂದು ಕೇಳಬಹುದು. ಬೇಕು. ಆದರೆ ಕತ್ತರಿಸಿ ಬೆಸೆಯುವುದೂ ಧರ್ಮಕ್ಕೆ ಆಗುವುದಿಲ್ಲ. ಹಣವಿಲ್ಲದವನಿಗೆ ನಾವು ಹೇಳುವುದು: ಸುಮ್ಮನೆ ಇಡು. ಟ್ಯಾಂಕನ್ನು ಬರಿದು ಮಾಡಿ, ಸಿಲಿಂಡರಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಬಟ್ಟೆ ಹೊದಿಸಿ ಇಡು. ಏನೂ ಮಾಡದಿರುವುದೂ ಒಂದು ನಿರ್ಧಾರವೇ. ಅದನ್ನು ನಾಳೆ ಬದಲಾಯಿಸಬಹುದು. ಕೊಯ್ದ ಚೌಕಟ್ಟಿಗೆ ನಾಳೆ ಎಂಬುದಿಲ್ಲ.

ನಮ್ಮ ತಮ್ಮನಿಗೆ ಈ ಮಾತುಗಳನ್ನೇ ಬರೆದು ಕಳುಹಿಸಿದ್ದೇವೆ. 'ಮುಚ್ಚಳವನ್ನು ಹಾಳು ಮಾಡಿದವನು ನೀನೇ ಅಲ್ಲವೇ?' ಎಂದು ಅವನು ಮರುನುಡಿದಿದ್ದಾನೆ. ಹೌದು, ನಾವೇ. ಒಮ್ಮೆ ಅಳಿಸಿದವರಾದುದರಿಂದಲೇ ಇನ್ನೊಮ್ಮೆ ಅಳಿಸಗೊಡುವುದಿಲ್ಲ. ದಸರಾ ರಜೆಯಲ್ಲಿ ಅವನು ಬರಲಿ. ಇಬ್ಬರೂ ಕೂಡಿ ಕಾರ್ಬುರೇಟರನ್ನು ತೊಳೆದು, ಹೊಸ ಕೊಳವೆ ಹಾಕಿ, ಬಂಡಿಯನ್ನು ನಡೆಸೋಣ. ಆ ಬಳಿಕ ಕೃಷ್ಣಾ ಸೇತುವೆಯವರೆಗೆ ಅವನೇ ಓಡಿಸಲಿ. ಅಲ್ಲಿಗೆ ತಲುಪಿದ ಮೇಲೂ ಕತ್ತರಿಸಬೇಕೆಂದು ತೋರಿದರೆ ಆಗ ವಾದವನ್ನು ಮುಂದುವರಿಸೋಣ.

ಈ ಸೀಮೆಯ ಕೊಟ್ಟಿಗೆಗಳಲ್ಲಿ, ಜೋಳದ ಚೀಲಗಳ ಹಿಂದೆ, ಇಂಥ ಬಂಡಿಗಳು ಇನ್ನೂ ಕೆಲವು ಇದ್ದೇ ಇರುತ್ತವೆ. ಅವುಗಳ ಒಡೆಯರಿಗೆ ನಮ್ಮ ವಿನಂತಿ: ಕತ್ತರಿಯವನನ್ನಾಗಲಿ ಬಣ್ಣದವನನ್ನಾಗಲಿ ಕರೆಯುವ ಮೊದಲು ಮುಚ್ಚಳವನ್ನು ತೆಗೆದು ಒಳಗೆ ಒಮ್ಮೆ ನೋಡಿರಿ. ನಮ್ಮ ಅಭಿಪ್ರಾಯ ಸರಿಯಲ್ಲವೆನ್ನುವವರು ಇದೇ ಪುಟಗಳಲ್ಲಿ ಉತ್ತರ ಬರೆಯಲಿ. ಯುಕ್ತಿಯುಕ್ತವಾಗಿದ್ದರೆ ತಲೆಬಾಗುತ್ತೇವೆ.