ಗಸ್ತು ದೋಣಿಯವರು ಕ್ಲಬ್ಬಿಗೆ ಬಂದಾಗ ನಾವು ಕೇಳಬೇಕಾದದ್ದು

ನೌಕಾಪಡೆ, ಕರಾವಳಿ ಕಾವಲು ಪಡೆ ಮತ್ತು ಕರಾವಳಿ ಪೊಲೀಸರ ಗಸ್ತು ಸಿಬ್ಬಂದಿ ಮೀನುಗಾರರ ಊರುಗಳಿಗೆ ಬಂದು ಕ್ಲಬ್ಬು, ಶಾಲೆ, ಸಮುದಾಯ ಭವನಗಳಲ್ಲಿ ಸಭೆ ನಡೆಸುವುದು ಈಗ ದೇಶದ ಕರಾವಳಿಯುದ್ದಕ್ಕೂ ರೂಢಿಯಾಗಿದೆ. ಕಾಸರಗೋಡಿನ ತೀರಕ್ಕೂ ಇದು ಹೊಸದಲ್ಲ. ಬಂದವರು ಲೈಫ್ ಜಾಕೆಟ್ ತೊಡುವ ರೀತಿ ತೋರಿಸುತ್ತಾರೆ, ಸಹಾಯವಾಣಿ ಸಂಖ್ಯೆ ಹೇಳುತ್ತಾರೆ, ಚಹಾ ಕುಡಿದು ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ಭೇಟಿ ಅಷ್ಟಕ್ಕೇ ಮುಗಿಯಬೇಕೆ ಎಂಬುದು ನಮ್ಮ ಪ್ರಶ್ನೆ.

ಈ ಭೇಟಿಗಳಿಗೆ ಮುಖ್ಯ ಕಾರಣ 2008ರ ನವೆಂಬರ್ 26ರ ಮುಂಬೈ ದಾಳಿ. ಹತ್ತು ಮಂದಿ ಭಯೋತ್ಪಾದಕರು ‘ಕುಬೇರ್’ ಎಂಬ ಭಾರತೀಯ ಮೀನುಗಾರಿಕಾ ದೋಣಿಯನ್ನು ವಶಪಡಿಸಿಕೊಂಡು ಕಡಲಿನಿಂದಲೇ ಬಂದಿದ್ದರು. ಅವರು ದಡಕ್ಕಿಳಿದಾಗ ಕಂಡು, ಯಾರು ಎಂದು ವಿಚಾರಿಸಿದವರು ಅಲ್ಲಿನ ಮೀನುಗಾರ ಕೇರಿಯ ಜನ. ಕಂಡವರ ಮಾತು ಕೇಳಬೇಕಾದವರಿಗೆ ಹೊತ್ತಿಗೆ ಸರಿಯಾಗಿ ತಲುಪಲಿಲ್ಲ. 2009ರಲ್ಲಿ ಕಡಲ ಭದ್ರತೆಯ ಒಟ್ಟು ಹೊಣೆ ನೌಕಾಪಡೆಗೆ ಬಂತು. ರೇಡಾರ್‌ಗಳು, ಮೀನುಗಾರರಿಗೆ ಗುರುತಿನ ಚೀಟಿ, ದೋಣಿಗಳಿಗೆ ಬಣ್ಣದ ಗುರುತು ಎಲ್ಲವೂ ಬಂದವು. ಆದರೆ ಸಣ್ಣ ನಾಡದೋಣಿ ನಮ್ಮೂರಿನದೋ ಅಲ್ಲವೋ ಎಂದು ಹೇಳಲು ಇಂದಿಗೂ ಮೀನುಗಾರನ ಕಣ್ಣೇ ಬೇಕು.

ಆ ಕಣ್ಣು ಕಂಡದ್ದನ್ನು ಯಾವ ಭಾಷೆಯಲ್ಲಿ ಹೇಳಬೇಕು? ಮಂಜೇಶ್ವರ, ಉಪ್ಪಳ, ಕುಂಬಳೆ ತೀರದ ಅನೇಕ ಮನೆಗಳಲ್ಲಿ ತುಳು, ಕನ್ನಡವೇ ಮಾತು. ಮಲಯಾಳ ನಮಗೆ ಪರಕೀಯವಲ್ಲ, ಪೇಟೆಯಲ್ಲಿ ಬಸ್ಸಿನಲ್ಲಿ ಅದನ್ನೇ ಆಡುತ್ತೇವೆ. ಆದರೆ ನಡುಗಡಲಿನಲ್ಲಿ ಎಂಜಿನ್ ಕೆಟ್ಟು ನೀರು ನುಗ್ಗುವಾಗ ಬಾಯಿಗೆ ಬರುವುದು ಮನೆಮಾತು. ಫೋನಿನ ಆಚೆ ಕಡೆಯವರಿಗೆ ಅದು ಅರ್ಥವಾಗದಿದ್ದರೆ ನಷ್ಟವಾಗುವುದು ನಿಮಿಷಗಳಲ್ಲ, ಜೀವಗಳು.

ಕಡಲಿಗೆ ರಾಜ್ಯದ ಗಡಿ ಗೊತ್ತಿಲ್ಲ. 2025ರ ಜೂನ್ 9ರಂದು ಕೇರಳದ ಅಳೀಕಲ್‌ನಿಂದಾಚೆ ಕಡಲಿನಲ್ಲಿ ‘ವಾನ್ ಹೈ 503’ ಸರಕು ಹಡಗಿಗೆ ಬೆಂಕಿ ಬಿತ್ತು. ಹಡಗಿನಲ್ಲಿದ್ದ 22 ಮಂದಿಯಲ್ಲಿ ಪಾರಾದ 18 ಮಂದಿಯನ್ನು ಐಎನ್‌ಎಸ್ ಸೂರತ್ ಕರೆತಂದದ್ದು ಕರ್ನಾಟಕದ ನವಮಂಗಳೂರು ಬಂದರಿಗೆ. ಆದರೆ ನಿಯಮಗಳಿಗೆ ಗಡಿ ಗೊತ್ತು. ಮಳೆಗಾಲದ ಮೀನುಗಾರಿಕೆ ನಿಷೇಧ ಕರ್ನಾಟಕದಲ್ಲಿ 61 ದಿನ, ಕೇರಳದಲ್ಲಿ 52 ದಿನ. ತಲಪಾಡಿಯ ರಸ್ತೆಯಲ್ಲಿ ಗಡಿ ಕಾಣುತ್ತದೆ, ಅಲೆಗಳ ಮೇಲೆ ಕಾಣುವುದಿಲ್ಲ. ಗಸ್ತು ದೋಣಿಯನ್ನು ಕಂಡಾಗ ನೆರವು ಬಂತೆಂಬ ಧೈರ್ಯದ ಬದಲು ದಂಡದ ಭಯ ಹುಟ್ಟಿದರೆ, ಮೀನುಗಾರ ತಾನು ಕಂಡದ್ದನ್ನು ಹೇಳಲು ಮುಂದೆ ಬರುವುದಿಲ್ಲ. ಆ ಅಂಜಿಕೆ ಬಿಡಿಸಲು ಕ್ಲಬ್ಬಿನ ಸಭೆಗಿಂತ ಒಳ್ಳೆಯ ಜಾಗವಿಲ್ಲ.

ಆದ್ದರಿಂದ ತೀರದ ನಮ್ಮ ಘಟಕಗಳು ಮುಂದಿನ ಭೇಟಿಯಲ್ಲಿ ನಾಲ್ಕು ಬೇಡಿಕೆಗಳನ್ನು ಲಿಖಿತವಾಗಿ ಇಡಲಿ:

ಒಂದು, ಸಭೆಯಲ್ಲಿ ಕನ್ನಡ ಅಥವಾ ತುಳು ಬಲ್ಲವರೊಬ್ಬರು ಇರಬೇಕು. ಅವರನ್ನು ಒದಗಿಸಲು ನಾವೂ ಸಿದ್ಧ.

ಎರಡು, ಕರಾವಳಿ ಕಾವಲು ಪಡೆಯ 1554 ಮತ್ತು ಕರಾವಳಿ ಪೊಲೀಸರ 1093 ಸಂಖ್ಯೆಗಳ ಫಲಕ ಕನ್ನಡದಲ್ಲೂ ಇರಬೇಕು.

ಮೂರು, ಭಾಷಣದಷ್ಟೇ ಸಮಯ ಪ್ರಶ್ನೆಗಳಿಗೂ ಬೇಕು. ಮೀನು ಮಾರುವ ಹೆಂಗಸರನ್ನೂ ಕರೆಯಬೇಕು. ಯಾವ ದೋಣಿ ಮರಳಿಲ್ಲ ಎಂಬುದು ಮೊದಲು ಗೊತ್ತಾಗುವುದು ಅವರಿಗೆ.

ನಾಲ್ಕು, ಹಿಂದಿನ ಸಭೆಯ ದೂರುಗಳು ಏನಾದವೆಂದು ಮುಂದಿನ ಸಭೆಯಲ್ಲಿ ತಿಳಿಸಬೇಕು.

ಇದರಲ್ಲಿ ಯಾವುದೂ ಉಪಕಾರವಲ್ಲ. ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಎಲ್ಲರಿಗೂ ಕೊಟ್ಟಿದೆ. ಕಡಲೇ ಇಲ್ಲದ ಅಕ್ಕಲಕೋಟೆ, ತಾಳವಾಡಿ, ಆದವಾನಿಯ ಸದಸ್ಯರಿಗೂ ಈ ಮಾತು ಸಲ್ಲುತ್ತದೆ. ಅಲ್ಲಿ ಆಸ್ಪತ್ರೆ, ಠಾಣೆ, ತಹಶೀಲ್ದಾರರ ಕಚೇರಿಯಲ್ಲಿ ಕೇಳುವ ಪ್ರಶ್ನೆಯೂ ಇದೇ. ನಿಮ್ಮೂರಿನಲ್ಲಿ ಇಂಥ ಸಭೆ ಗೊತ್ತಾದರೆ ದಿನಾಂಕವನ್ನು ಮುಂಚಿತವಾಗಿ ನಮಗೆ ತಿಳಿಸಿ, ಕಾರ್ಯಕ್ರಮಗಳ ಪಟ್ಟಿಯಲ್ಲಿ ಸೇರಿಸುತ್ತೇವೆ.