ಕರಿಹಲಗೆ ಒರೆಸಿ, ಹಾಜರಿ ಪುಸ್ತಕ ಒರೆಸಬೇಡಿ

ತುಮಕೂರು ಕಂದಾಯ ಜಿಲ್ಲೆ ಒಂದೇ, ಆದರೆ ಶೈಕ್ಷಣಿಕ ಜಿಲ್ಲೆ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ನಮ್ಮ ಕಡೆ ಕನ್ನಡ ಶಾಲೆಯಲ್ಲಿ ಓದಿದವರಿಗೆ ಕರಿಹಲಗೆಯ ಮೂಲೆ ನೆನಪಿರಬೇಕಲ್ಲ? ಒಟ್ಟು 32, ಹಾಜರು 29, ಗೈರು 3. ಮಾರನೇ ದಿನ ಅದನ್ನು ಒರೆಸದಿದ್ದರೆ ಸುಳ್ಳು ಲೆಕ್ಕ. ಹಾಜರಿ ಪುಸ್ತಕ ಹಾಗಲ್ಲ, ಅದು ವರ್ಷವಿಡೀ ಉಳಿಯಬೇಕು.

ಇದನ್ನೆಲ್ಲಾ ಯಾಕೆ ಹೇಳ್ತಿದೀನಿ ಅಂದ್ರೆ, ಲಿನಕ್ಸ್ ಕಂಪ್ಯೂಟರಿನಲ್ಲೂ ಇದೇ ಎರಡು ಲೆಕ್ಕ ಇವೆ. ಓಡುತ್ತಿರುವ ಪ್ರೋಗ್ರಾಮು ತನ್ನ ಪಿಐಡಿ ನಂಬರು, ಲಾಕ್ ಫೈಲು, ಸಾಕೆಟ್ಟು ಎಲ್ಲೋ ಒಂದು ಕಡೆ ಇಡಬೇಕು. ಇದು ಕರಿಹಲಗೆ. ಇದರ ಜಾಗ /ರನ್ ಮಾತ್ರ ಅನ್ನೋದು ನನ್ನ ವಾದ. ಅದು ಇರೋದು ಡಿಸ್ಕಿನಲ್ಲಲ್ಲ, ರ‍್ಯಾಮಿನಲ್ಲಿ. ಕರೆಂಟ್ ಹೋದರೆ ತಾನೇ ಅಳಿಸಿಹೋಗುತ್ತೆ.

ಮೊದಲು ಇದೆಲ್ಲಾ /ವಾರ್/ರನ್‌ನಲ್ಲಿತ್ತು. ಯಾವ ಫೈಲು ಎಲ್ಲಿರಬೇಕು ಅನ್ನೋ ಎಫ್‌ಎಚ್‌ಎಸ್ ನಿಯಮದ 2004ರ ಆವೃತ್ತಿ, ಬೂಟ್ ಆಗುವಾಗ ಇದನ್ನು ಖಾಲಿ ಮಾಡಬೇಕು ಅಂದಿತ್ತು. ಆದರೆ /ವಾರ್ ಬೇರೆ ಪಾರ್ಟಿಶನ್ ಆಗಿದ್ದರೆ? ಮೊದಲು ಏಳುವ ಪ್ರೋಗ್ರಾಮುಗಳಿಗೆ ಅದು ಸಿಗುತ್ತಲೇ ಇರಲಿಲ್ಲ. ಅವು /ಡೆವ್ ಒಳಗೆ ಗುಟ್ಟಾಗಿ ಫೋಲ್ಡರ್ ಮಾಡಿಕೊಂಡು ಕೂರುತ್ತಿದ್ದವು. 2011ರಲ್ಲಿ ಫೆಡೋರಾ, ಡೆಬಿಯನ್, ಓಪನ್‌ಸೂಸೆ, ಉಬುಂಟು ಕಡೆಯವರು /ರನ್‌ಗೆ ಒಪ್ಪಿದರು. 2015ರ ಎಫ್‌ಎಚ್‌ಎಸ್ 3.0 ಅದನ್ನೇ ನಿಯಮ ಮಾಡಿತು. ಈಗ ಬಹುತೇಕ ಕಡೆ /ವಾರ್/ರನ್ ಬರೀ ಲಿಂಕು.

ಕರೆಂಟೇ ಹೋಗದ ಊರಿನವರಿಗೆ ಇದು ಸಣ್ಣ ವಿಷಯ. ನಮಗಲ್ಲ! ಯುಪಿಎಸ್ ಬ್ಯಾಟರಿ ಸತ್ತಿರುವ ಲ್ಯಾಬಿನಲ್ಲಿ ಸರ್ವರ್ ದಿಢೀರನೆ ಆರಿಹೋಗುತ್ತೆ. ಪಿಐಡಿ ಫೈಲು ಡಿಸ್ಕಿನಲ್ಲೇ ಉಳಿದಿದ್ದರೆ, ಕರೆಂಟ್ ಬಂದಾಗ ಅದು "ನಾನು 812, ಓಡ್ತಾ ಇದೀನಿ" ಅನ್ನುತ್ತೆ. ಈಗ 812 ಬೇರೆ ಯಾವುದೋ ಪ್ರೋಗ್ರಾಮು. ಹಳೇ ಸ್ಕ್ರಿಪ್ಟು ಅದನ್ನೇ ನಂಬಿ ಸುಮ್ಮನಾಗುತ್ತೆ. ಮೇಷ್ಟ್ರು ಮಿಷನ್ ಕೆಟ್ಟಿದೆ ಅಂದುಕೊಳ್ಳುತ್ತಾರೆ, ಮಕ್ಕಳು ಆಟಕ್ಕೆ ಓಡುತ್ತಾರೆ.

ಹಾಗಂತ ಎಲ್ಲವನ್ನೂ ರ‍್ಯಾಮಿಗೆ ಹಾಕೋದೂ ತಪ್ಪು. ರಾಸ್ಪ್‌ಬೆರಿ ಪೈ ಇಟ್ಟುಕೊಂಡವರು ಎಸ್‌ಡಿ ಕಾರ್ಡ್ ಸವೆಯದಿರಲಿ ಅಂತ ಇಡೀ /ವಾರ್ ಅನ್ನೇ ರ‍್ಯಾಮಿಗೆ ಸಾಗಿಸೋದುಂಟು. ಉದ್ದೇಶ ಒಳ್ಳೆಯದೇ. ಆದರೆ ಡಿಎಚ್‌ಸಿಪಿ ಸರ್ವರು ಯಾವ ಮಿಷನ್ನಿಗೆ ಯಾವ ಐಪಿ ಕೊಟ್ಟಿದೆ ಅನ್ನೋ ಪಟ್ಟಿ /ವಾರ್/ಲಿಬ್‌ನಲ್ಲಿರುತ್ತೆ. ಅದು ಅಳಿದರೆ ಒಂದೇ ಐಪಿ ಇಬ್ಬರಿಗೆ ಹೋದೀತು. ಲಾಗ್ ಕೂಡಾ ಅಷ್ಟೇ. ರ‍್ಯಾಮಿನಲ್ಲಿ ಮಾತ್ರ ಇದ್ದರೆ ಸರ್ವರ್ ಯಾಕೆ ಸತ್ತಿತು ಅಂತ ಹೇಳೋರೇ ಇಲ್ಲ. ಇವು ಹಾಜರಿ ಪುಸ್ತಕಗಳು ಸ್ವಾಮಿ.

ಇನ್ನು /ಟೆಂಪ್‌ನಲ್ಲಿ ಇಟ್ಟರಾಯ್ತು ಅನ್ನೋರಿದ್ದಾರೆ. ಅದು ಸಂತೆ ಮೈದಾನ, ಯಾರು ಬೇಕಾದರೂ ಬರೆಯಬಹುದು. ನಿಮ್ಮ ಫೈಲಿನ ಹೆಸರಲ್ಲಿ ಇನ್ನೊಬ್ಬ ಮೊದಲೇ ಫೈಲು ಇಟ್ಟು ಕಾಯಬಹುದು.

ಪ್ರೋಗ್ರಾಮ್ ಬರೆಯೋರು ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು: ಕರೆಂಟ್ ಹೋಗಿ ಬಂದ ಮೇಲೂ ಈ ಫೈಲಿನಲ್ಲಿರೋದು ನಿಜವೇ? ನಿಜವಾದರೆ /ವಾರ್/ಲಿಬ್, ಸುಳ್ಳಾದರೆ /ರನ್. ಬೆಂಗಳೂರಲ್ಲಿ ಕೂತು ಅವರು ಒಂದು ನಿಮಿಷ ಯೋಚಿಸಿದರೆ ಪಾವಗಡದ ಮಕ್ಕಳಿಗೆ ಒಂದು ಪೀರಿಯಡ್ ಉಳಿಯುತ್ತೆ.